ಬಾನೆಟ್ಟಿನ ಕೆಳಗಿನ ಜಾಗ

ಕರೆಂಟು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಇನ್ವರ್ಟರು ಕಿರುಚಿಕೊಂಡಿತು. ಹನ್ನೆರಡು ನಿಮಿಷ. ಎಂಟು ತಿಂಗಳ ಹಿಂದೆ ಹೊಸದಾಗಿ ತಂದಾಗ ಇದೇ ಕಾರಿನ ಬ್ಯಾಟರಿ ಒಂದು ಗಂಟೆಗೂ ಮಿಕ್ಕಿ ಎಳೆದಿತ್ತು. ಹೋದ ತಿಂಗಳು ಅರ್ಧ ಗಂಟೆಗೆ ಇಳಿದಿತ್ತು. ಹೋದ ವಾರ ಇಪ್ಪತ್ತು ನಿಮಿಷ.

ಹೊಲಿಯುತ್ತಿದ್ದ ಪರದೆಯನ್ನು ಸೂಜಿಯ ಕೆಳಗೇ ಬಿಟ್ಟು ಒಳಗೆ ಓಡಿದೆ. ಆಕ್ಸಿಜನ್ ಮಷಿನ್ನು ನಿಂತುಹೋಗಿತ್ತು. ಅಪ್ಪ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಅಂಗೈಗಳನ್ನು ಮೊಣಕಾಲಿಗೆ ಊರಿ ಕೂತಿದ್ದರು. ಮೂಗಿನಲ್ಲಿ ನಳಿಕೆ ಹಾಗೆಯೇ ಇತ್ತು. ಅದರಿಂದ ಏನೂ ಬರುತ್ತಿರಲಿಲ್ಲ. ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ತುಟಿ ಮೊದಲು ಬೂದಿಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗಿತು. ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು.

"ಮಾತಾಡ್ಬೇಡಿ ಅಪ್ಪ. ಬಾಯಲ್ಲಿ ಊದಿ. ನಿಧಾನಕ್ಕೆ ಊದಿ."

ಊದಿದರು. ಅವರ ಲಯ ತಪ್ಪದಿರಲಿ ಎಂದು ನಾನೂ ಎದುರಿಗೆ ಕೂತು ಊದಿದೆ. ಹೊತ್ತಿಕೊಳ್ಳದ ಒಲೆಯ ಮುಂದೆ ಕೂತವರ ಹಾಗೆ ಮೂವತ್ತಮೂರು ನಿಮಿಷ ಇಬ್ಬರೂ ಊದಿದೆವು. ಹನ್ನೊಂದೂ ನಲವತ್ತಕ್ಕೆ ಕರೆಂಟು ಬಂತು. ಮಷಿನ್ನು ಒಮ್ಮೆ ಗುಟುರು ಹಾಕಿ ಬುಸ್ಸೆಂದಿತು.

ಮಾತು ಬರಲು ಅಪ್ಪನಿಗೆ ಇನ್ನೂ ಹತ್ತು ನಿಮಿಷ ಬೇಕಾಯಿತು. "ಅತ್ತೆ ಎದ್ದಳು" ಅಂದರು.

ಮಷಿನ್ನಿಗೆ ಅವರಿಟ್ಟ ಹೆಸರು ಅತ್ತೆ. ಅಮ್ಮನ ತಾಯಿಯ ಹಾಗೆ ಇದೂ ಇಪ್ಪತ್ತನಾಲ್ಕು ಗಂಟೆ ಮೂಲೆಯಲ್ಲಿ ಕೂತು ಬುಸುಗುಡುತ್ತದಂತೆ, ಇವಳ ಅಪ್ಪಣೆಯಿಲ್ಲದೆ ಬಚ್ಚಲಿಗೂ ಹೋಗುವ ಹಾಗಿಲ್ಲವಂತೆ. ಅಮ್ಮ ಬದುಕಿದ್ದರೆ ಈ ಮಾತಿಗೆ ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದಳು.

ಅಪ್ಪ ಮೂವತ್ತೊಂದು ವರ್ಷ ಕಾರುಗಳಿಗೆ ಬಣ್ಣ ಹೊಡೆದವರು. ಗ್ಯಾರೇಜಿನವರು ಅವರನ್ನು ಕನ್ನಡಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವರು ಹೊಡೆದ ಬಣ್ಣದ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದಿತ್ತು. ಮಾಸ್ಕ್ ಹಾಕುತ್ತಿರಲಿಲ್ಲ. ಹಾಕಿದರೆ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದಿದ್ದರೆ ಬಣ್ಣ ತೆಳುಮಾಡುವ ಥಿನ್ನರ್ ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅಳತೆಯ ಡಬ್ಬಿ ಬೇರೆಯವರಿಗೆ. ಅವರಿಗೆ ಮೂಗೇ ಸಾಕಾಗಿತ್ತು. ಈಗ ಅವರಿಗೆ ಐವತ್ತೆಂಟು. ಶ್ವಾಸಕೋಶ ಮುಗಿದಿದೆ.

ಅವರ ಕೋಣೆಯ ಕಿಟಕಿಯ ಹೊರಗೆ, ಕಾಂಪೌಂಡಿನೊಳಗೆ, ನಮ್ಮ ಕಾರು ಗೇಟಿಗೆ ಮುಖ ಮಾಡಿ ನಿಂತಿರುತ್ತದೆ. ಅಪಘಾತವಾಗಿ ಗ್ಯಾರೇಜಿನ ಹಿಂದೆ ಬಿದ್ದಿದ್ದ ಸಣ್ಣ ಕಾರು. ಅಪ್ಪ ಅದನ್ನು ತಂದು, ತಟ್ಟಿ ನೆಟ್ಟಗೆ ಮಾಡಿ, ಹತ್ತಾರು ಡಬ್ಬಿಗಳ ತಳದಲ್ಲಿ ಉಳಿದಿದ್ದ ಬಣ್ಣಗಳನ್ನು ಬೆರೆಸಿ ಹೊಡೆದಿದ್ದರು. ಬೂದಿಯೂ ಅಲ್ಲದ, ಹಸಿರೂ ಅಲ್ಲದ ಆ ಬಣ್ಣಕ್ಕೆ ಯಾವ ಕಂಪನಿಯಲ್ಲೂ ಹೆಸರಿಲ್ಲ. ಇಂಜಿನ್ನು ಅಷ್ಟಕ್ಕಷ್ಟೆ. ಮೈ ಮಾತ್ರ ಮದುಮಗಳ ಹಾಗಿದೆ.

ಕರೆಂಟು ಹೋದ ಕೂಡಲೇ ಹೊರಗೆ ಓಡಿ, ಬಾನೆಟ್ಟು ಎತ್ತಿ, ಕಾರಿನ ಬ್ಯಾಟರಿಗೆ ಎರಡು ಕ್ಲಿಪ್ಪು ಕಚ್ಚಿಸಿ, ಕಿಟಕಿಯಲ್ಲಿ ಹಾಯಿಸಿದ ದಪ್ಪ ವೈರಿನಿಂದ ಇನ್ವರ್ಟರು ನಡೆಸುವ ಉಪಾಯ ಅಪ್ಪನದೇ. ಆಸ್ಪತ್ರೆಯವರು ಎರವಲು ಕೊಟ್ಟಿದ್ದ ಸಿಲಿಂಡರನ್ನು ಬೇರೆ ರೋಗಿಗಳು ಕಾದಿದ್ದಾರೆಂದು ವಾಪಸು ಒಯ್ದ ದಿನ ಅದು ಹೊಳೆದಿತ್ತು. ಇಂಜಿನ್ನು ಚಾಲೂ ಇಡುವ ಹಾಗಿರಲಿಲ್ಲ. ಹೊಗೆ ನೇರ ಕಿಟಕಿಯೊಳಗೆ ಬರುತ್ತಿತ್ತು. ಹಾಗಾಗಿ ಬರೀ ಬ್ಯಾಟರಿ. ಕರೆಂಟು ಬಂದ ಮೇಲೆ ಚಾರ್ಜರ್ ಹಾಕಿ ತುಂಬಿಸುವುದು. "ನೀರಿನ ಟ್ಯಾಂಕು ಇದ್ದಂಗೆ ಕಣೇ" ಎಂದು ಅಪ್ಪ ವಿವರಿಸಿದ್ದರು. "ಖಾಲಿ ಆಯ್ತು, ತುಂಬು. ಮತ್ತೆ ಖಾಲಿ ಆಯ್ತು, ಮತ್ತೆ ತುಂಬು. ಅದಕ್ಕೇನು, ನೋವಾಗುತ್ತಾ?"

ಅವತ್ತು ಅವರ ತುಟಿಗೆ ಬಣ್ಣ ಮರಳಿದ ಮೇಲೆ ನಾನು ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿ ಬಿಚ್ಚಲು ಹೊರಟೆ. ಮುಂದಿನ ವಾರದಿಂದ ಲೈನು ಬದಲಾಯಿಸುವ ಕೆಲಸ, ಎರಡು ತಿಂಗಳು ದಿನಕ್ಕೆ ಮೂರು ಗಂಟೆ ಕರೆಂಟು ಇರುವುದಿಲ್ಲ ಎಂದು ವಿದ್ಯುತ್ ಕಚೇರಿಯವರು ಬೀದಿಯ ಕಂಬಕ್ಕೆ ಚೀಟಿ ಅಂಟಿಸಿ ಹೋಗಿದ್ದರು.

"ಕಾರಿಗೆ ಗಟ್ಟಿಯಾದ್ದೇ ತಗೋ" ಅಪ್ಪ ಕಿಟಕಿಯಿಂದ ಹೇಳಿದರು. ಅವರ ಮಾತು ಈಗ ಮೂರು ಮೂರು ಶಬ್ದದ ಕಂತಿನಲ್ಲಿ ಬರುತ್ತದೆ. "ಒಂದೇ ಏಟಿಗೆ ಸ್ಟಾರ್ಟ್ ಆಗ್ಬೇಕು. ನಂಗೆ ಜಾಸ್ತಿ ಆದಾಗ... ನೀನೂ ತಮ್ಮನೂ ಹಿಂದೆ ನಿಂತು... ತಳ್ತಾ ಇರೋ ಹಂಗಾಗ್ಬಾರ್ದು."

"ಆಯ್ತಪ್ಪ."

"ಅಂಗಡಿಯವನು ಏನಾದ್ರೂ ತಲೆಗೆ ಕಟ್ತಾನೆ. ಹುಷಾರು."

ಜಾಸ್ತಿ ಆದಾಗ. ಈ ಎರಡು ಶಬ್ದ ನಮ್ಮ ಮನೆಗೆ ತಂದವಳು ನಾನು. ನಾಲ್ಕು ವಾರದ ಹಿಂದೆ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದಿದ್ದರು. ಗೋಡೆಗೆ ಒರಗಿ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಹೇಳಿದ್ದರು: "ಇನ್ಮೇಲೆ ಇಲ್ಲಿಗೆ ಕರ್ಕೊಂಡು ಬರ್ಬೇಡಮ್ಮ. ದಾರೀಲೇ ಹೋಗ್ತಾರೆ. ಬಂದ್ರೂ ನಾವು ಕೊಡೋದು ಆಕ್ಸಿಜನ್ನೇ, ಅದು ನಿಮ್ಮನೇಲೇ ಇದೆ. ಎಷ್ಟು ದಿನ ಅಂತ ಕೇಳ್ಬೇಡ, ನಂಗೆ ಗೊತ್ತಿಲ್ಲ." ನಾನು ವಾರ್ಡಿಗೆ ಮರಳಿದಾಗ ಅಪ್ಪ ಮತ್ತು ತಮ್ಮ ಒಟ್ಟಿಗೆ ಕತ್ತೆತ್ತಿದರು. "ಜಾಸ್ತಿ ಆದಾಗ ಕರ್ಕೊಂಡು ಬನ್ನಿ ಅಂದ್ರು" ಅಂದೆ. ಬಾಯಿಗೆ ಬಂದದ್ದು ಅದು.

ಅಂದಿನಿಂದ ಸಂಜೆ ಆರೂವರೆಗೆ ತಮ್ಮ ಕೆಲಸದಿಂದ ಬಂದವನೇ ಚಪ್ಪಲಿ ಕೂಡ ಬಿಡದೆ ಕಾರಿನಲ್ಲಿ ಕೂತು ಕೀಲಿ ತಿರುಗಿಸುತ್ತಿದ್ದ. ಎರಡು ನಿಮಿಷ ಗುರುಗುಟ್ಟಿಸಿ ಆರಿಸುತ್ತಿದ್ದ. ಆಗ ಮಾತ್ರ ನಾನು ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿದ ಗಾಜಿನಾಚೆಯ ಆ ಸದ್ದು ಕೇಳಿಸಿದ ಮೇಲೆಯೇ ಅಪ್ಪ ಊಟಕ್ಕೆ ಕೈ ಒಡ್ಡುತ್ತಿದ್ದುದು.

ಪಕ್ಕದ ಮನೆಯವರ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬ್ಯಾಟರಿ ಇಟ್ಟುಕೊಂಡು ಹೊರಟೆ. ಅಪ್ಪನ ಹತ್ತಿರ ಸ್ಕೂಟರಿನ ಒಡತಿಯನ್ನೇ ಕೂರಿಸಿದ್ದೆ.

ಬ್ಯಾಟರಿ ಅಂಗಡಿ ಇದ್ದದ್ದು ಟಯರ್ ಅಂಗಡಿಗಳ ಸಾಲಿನ ಕೊನೆಗೆ. ಹೊರಗೆ ನೆಲವೆಲ್ಲ ಆಸಿಡ್ ಬಿದ್ದು ಸುಣ್ಣದ ಹಾಗೆ ಬಿಳಿಚಿತ್ತು. ಮಾಲೀಕನನ್ನು ಸಾಲಿನವರೆಲ್ಲ ವೋಲ್ಟೇಜ್ ಎನ್ನುತ್ತಿದ್ದರು. ಮಾತು ಒಮ್ಮೆ ಛಾವಣಿಗೆ ಏರಿ ಒಮ್ಮೆ ಕುರ್ಚಿಯಡಿಗೆ ಇಳಿಯುತ್ತಿತ್ತು. ಅಪ್ಪನ ವಯಸ್ಸು. ಪ್ಯಾಂಟಿನ ತೊಡೆಯ ಮೇಲೆ ಆಸಿಡ್ ತಿಂದ ತೂತುಗಳು, ಅವುಗಳ ಮೂಲಕ ಒಳಗಿನ ಇನ್ನೊಂದು ಪ್ಯಾಂಟು ಕಾಣುತ್ತಿತ್ತು.

"ಬಾ ತಾಯಿ. ಯಾರನ್ನ ಕರ್ಕೊಂಡು ಬಂದೆ? ಜೀವ ಇದ್ಯಾ, ಇಲ್ಲ ಹೆಣಾನಾ?"

"ಎಂಟು ತಿಂಗಳ ಹಿಂದೆ ನಿಮ್ಮಲ್ಲೇ ತಗೊಂಡಿದ್ದು ಅಂಕಲ್. ಮೂರು ವರ್ಷ ವಾರಂಟಿ ಇದೆ."

"ವಾರಂಟಿ!" ಮಾತು ಛಾವಣಿಗೆ ಏರಿತು. "ಎಲ್ಲರ ಬಾಯಲ್ಲೂ ಮೊದ್ಲು ಅದೇ. ಇಡು ಇಲ್ಲಿ."

ಇಕ್ಕಳದಂಥ ಎರಡು ಹಿಡಿಗಳ ಮೀಟರನ್ನು ಬ್ಯಾಟರಿಯ ತಲೆಗೆ ಒತ್ತಿದ. ಮುಳ್ಳು ಅರ್ಧಕ್ಕೆ ಏರಿ, ನೋಡುನೋಡುತ್ತಿದ್ದಂತೆ ಕೆಳಗೆ ಜಾರಿ ಮಲಗಿತು. ಮುಚ್ಚಳಗಳನ್ನು ಬಿಚ್ಚಿ, ರಬ್ಬರ್ ಬುರುಡೆಯ ಗಾಜಿನ ಕೊಳವೆಯಿಂದ ಒಂದೊಂದು ಖಾನೆಯ ಆಸಿಡ್ ನೀರು ಹೀರಿ ಬೆಳಕಿಗೆ ಹಿಡಿದ. ಆಮೇಲೆ ಟಾರ್ಚು ಬಿಟ್ಟು ಒಳಗೆ ಇಣುಕಿದ.

"ಇದು ಕಾರಲ್ಲಿ ಸತ್ತಿದ್ದಲ್ಲ."

"ಕಾರಲ್ಲೇ ಇತ್ತು."

"ಇತ್ತು, ಸರಿ. ಪ್ಲೇಟ್ ನೋಡು, ಉಪ್ಪು ಹತ್ತಿದಂಗಾಗಿದೆ. ಇದನ್ನ ದಿನಾ ತಳ ಕೆರೆದು ಖಾಲಿ ಮಾಡಿದ್ದೀರಿ. ವಾರಂಟಿ ನಡೆಯಲ್ಲ. ಏನಿಟ್ಟಿದ್ರಿ ಇದರ ಮೇಲೆ? ಹಾಡು ಹಾಕೋ ಡಬ್ಬ ಇಟ್ಟಿದ್ರಾ? ಮದುವೆ ಮನೆಗೆ ಲೈಟ್ ಕೊಟ್ರಾ?"

"ಆಕ್ಸಿಜನ್ ಮಷಿನ್."

ವೋಲ್ಟೇಜ್ ಟಾರ್ಚು ಆರಿಸಿದ.

"ಯಾರಿಗೆ?"

"ನಮ್ಮಪ್ಪನಿಗೆ."

"ಹಿಂಗೆ ಮಾಡ್ಬಹುದು ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದು?"

"ಅಪ್ಪನೇ. ಕಾರಿನ ಕೆಲಸದವರು. ಪೇಂಟರ್."

"ಅದಕ್ಕೇ ಮತ್ತೆ! ಹೊರಮೈ ಡಾಕ್ಟ್ರು ಒಳಗಿನ ಆಪರೇಷನ್ ಮಾಡಿದ್ರೆ ಇನ್ನೇನಾಗುತ್ತೆ?" ಎಂದು ನಕ್ಕವನು ತಟ್ಟನೆ ನಿಲ್ಲಿಸಿದ. "ಯಾವ ಪೇಂಟರ್? ಕನ್ನಡಿ ಮೇಸ್ತ್ರಿನಾ?"

ತಲೆಯಾಡಿಸಿದೆ.

"ಅಯ್ಯೋ, ಮೊದಲೇ ಹೇಳಬಾರದಾ ಮಗಳೇ." ಮಾತು ಕುರ್ಚಿಯಡಿಗೆ ಇಳಿದಿತ್ತು. "ನನ್ನ ಹಳೇ ವ್ಯಾನಿಗೆ ಬಣ್ಣ ಹೊಡೆದವನು ಅವನು. ವ್ಯಾನು ಗುಜರಿಗೆ ಹೋಯ್ತು. ಬಣ್ಣ ಹೋಗ್ಲಿಲ್ಲ."

ಸ್ಟೂಲು ಎಳೆದುಕೊಟ್ಟು ವಿವರಿಸಿದ. ಕಾರಿನ ಬ್ಯಾಟರಿಯೊಳಗಿನ ತಗಡುಗಳು ಬಿಸ್ಕತ್ತಿನ ಹಾಗೆ ತೆಳ್ಳಗೆ. ಅದರ ಕೆಲಸ ಮೂರು ಸೆಕೆಂಡಿನದು: ಒಮ್ಮೆ ಎದ್ದು ಇಂಜಿನ್ನಿಗೆ ಒದೆಯುವುದು. ಆಮೇಲೆ ಇಂಜಿನ್ನೇ ಅದಕ್ಕೆ ಊಟ ಹಾಕುತ್ತದೆ. ನಾವು ಅದರ ಬೆನ್ನ ಮೇಲೆ ಗಂಟೆಗಟ್ಟಲೆ ಮೂಟೆ ಹೊರಿಸಿದ್ದೆವು. ಪೂರ್ತಿ ಖಾಲಿಯಾದ ಪ್ರತಿಸಲವೂ ಅದರ ಆಯುಷ್ಯದಲ್ಲಿ ಒಂದು ತುಂಡು ಹೋಗಿತ್ತು. ಎಷ್ಟು ತುಂಬಿಸಿದರೂ ಆ ತುಂಡು ಮತ್ತೆ ಬರುವುದಿಲ್ಲ.

"ದಿನಾ ಸಂಜೆ ಎರಡು ನಿಮಿಷ ಸ್ಟಾರ್ಟ್ ಮಾಡ್ತಿದ್ವಿ" ಅಂದೆ. ಅದಾದರೂ ಸರಿಯಿರಲಿ ಎಂಬ ಆಸೆ.

"ಎರಡೇ ನಿಮಿಷ? ಸ್ಟಾರ್ಟ್ ಮಾಡೋಕೆ ಅದು ಖರ್ಚು ಮಾಡಿದ್ದೂ ವಾಪಸ್ ಬಂದಿರಲ್ಲ. ಅದೂ ಹೊಡೆತಾನೇ."

ಎದ್ದುಹೋಗಿ ಎರಡು ಬ್ಯಾಟರಿ ತೋರಿಸಿದ. ಒಂದು ನಾನು ತಂದದ್ದರ ಅವಳಿ: ಚಿಕ್ಕದು, ಚೌಕ, ಮೇಲೆ ಹಿಡಿಕೆ. ಇನ್ನೊಂದು ಗೋಡೆಗೆ ಆನಿಸಿ ನೆಲದ ಮೇಲಿತ್ತು. ನನ್ನ ಮೊಣಕಾಲಿನ ಎತ್ತರ, ಐವತ್ತು ಕೆಜಿಗೂ ಮೇಲೆ.

"ಮನೆ ಇನ್ವರ್ಟರಿಂದು. ಇದು ಹೊರೋಕಂತಲೇ ಹುಟ್ಟಿದ್ದು. ನಿಮ್ಮ ಮಷಿನ್ ನಾಲ್ಕು ಗಂಟೆ ಎಳೆಯುತ್ತೆ. ದಿನಾ ಮೂರು ಗಂಟೆ ಕರೆಂಟ್ ಹೋಗ್ಲಿ, ಜಗ್ಗಲ್ಲ. ಕ್ಲಿಪ್ಪು ಹಿಡ್ಕೊಂಡು ಓಡೋದೂ ತಪ್ಪುತ್ತೆ, ತಾನೇ ಬದಲಾಗುತ್ತೆ."

"ಕಾರಿಗೆ ಹಾಕ್ಬಹುದಾ?"

"ಸೀಟಿನ ಮೇಲೆ ಕೂರಿಸ್ಕೊಂಡು ಬೆಲ್ಟ್ ಹಾಕ್ಬಹುದು. ಬಾನೆಟ್ ಒಳಗೆ ಹೋಗಲ್ಲ. ಕೇಬಲ್ ಕೊಟ್ಟು ಒಂದೆರಡು ಸಲ ಸ್ಟಾರ್ಟ್ ಮಾಡಿಸ್ಬಹುದು ಅನ್ನು, ಆದ್ರೆ ಬ್ಯಾಟರಿ ಇಲ್ಲದ ಕಾರು ರೋಡಲ್ಲಿ ಆಫ್ ಆದ್ರೆ ಅಲ್ಲೇ ಕೂತ್ಕೊಳ್ಳುತ್ತೆ. ಅಪ್ಪನ್ನ ಅದರಲ್ಲಿ ಮಲಗಿಸ್ಕೊಂಡು ಹೋಗ್ತೀಯಾ?"

"ಚಿಕ್ಕದು ತಗೊಂಡ್ರೆ?"

"ಹೊಸದರಲ್ಲಿ ಒಂದು ಗಂಟೆ. ದಿನಾ ಮೂರು ಗಂಟೆ ಕಟ್ ಅಂದ್ರೆ ಇನ್ನೆರಡು ಗಂಟೆ ಅವನು ಏನು ಮಾಡ್ಬೇಕು? ಮೂರು ವಾರಕ್ಕೆ ಇದೂ ಅದೇ ಗತಿಗೆ ಬರುತ್ತೆ. ಎರಡೂ ತಗೋ. ಎರಡೂ ಬೇಕು ನಿಂಗೆ."

"ಎರಡು ಆಗಲ್ಲ ಅಂಕಲ್."

ಅವನು ಮತ್ತೆ ಒತ್ತಾಯಿಸಲಿಲ್ಲ. ನನ್ನ ಚಪ್ಪಲಿ ನೋಡಿ ತಿಳಿದುಕೊಂಡಿರಬೇಕು.

ತಮ್ಮನಿಗೆ ಫೋನು ಮಾಡಿದೆ. ಅವನು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವನು. ಫೋನಿನಲ್ಲಿ ಹಿಂದೆ ಟೇಪು ಹರಿಯುವ ಸದ್ದು ಬರುತ್ತಿತ್ತು.

"ಬೇಗ ಹೇಳಕ್ಕಾ, ಸೂಪರ್‌ವೈಸರ್ ಗುರಾಯಿಸ್ತಿದ್ದಾನೆ."

ಹೇಳಿದೆ.

"ಇದರಲ್ಲಿ ಯೋಚ್ನೆ ಮಾಡೋದೇನಿದೆ? ಕಾರಿಂದೇ ತಗೋ. ಕಾರಿಲ್ಲದೆ ಅಪ್ಪನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ? ಹೋದ್ಸಲ ಆಂಬುಲೆನ್ಸ್ ಎರಡು ಗಂಟೆ ಬಿಟ್ಟು ಬಂತು, ಮರೆತೋಯ್ತಾ? ಕರೆಂಟ್ ಹೋದಾಗ ಹೆಂಗೋ ಮಾಡೋಣ, ನಾನು ಯಾರನ್ನಾದ್ರೂ ಕೇಳಿ ಸಿಲಿಂಡರ್ ತರ್ತೀನಿ."

"ಯಾರನ್ನ ಕೇಳ್ತೀಯಾ?"

"ಯಾರನ್ನಾದ್ರೂ ಕಣೆ! ಬೆಳಗ್ಗೆಯಿಂದ ಒಂದೇ ಕಾಲಲ್ಲಿ ನಿಂತಿದ್ದೀನಿ, ನೀನೊಂದು ಸಿಬಿಐ ತನಿಖೆ ಮಾಡ್ಬೇಡ. ಕಾರಿಂದು ತಗೋ."

"ಸರಿ" ಅಂದೆ. ಫೋನು ಇಟ್ಟ.

ವೋಲ್ಟೇಜ್ ಹಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಏನಂತೆ?"

"ಕಾರಿಂದು ಅಂತೆ. ಆಸ್ಪತ್ರೆಗೆ ಹೋಗ್ಬೇಕಲ್ಲ."

"ನಿಜ ಅನ್ನು. ಮುಂದಿನ ಸಲ ಯಾವತ್ತು ಬರೋಕೆ ಹೇಳಿದ್ದಾರೆ?"

ನಾಲ್ಕು ವಾರ ಯಾರಿಗೂ ಹೇಳದ್ದನ್ನು ಆಸಿಡ್ ತಿಂದ ಪ್ಯಾಂಟಿನ ಆ ಮನುಷ್ಯನಿಗೆ ಹೇಳಿಬಿಟ್ಟೆ. ಯಾಕೆ ಅಂದರೆ, ಕೇಳಿದ, ಅಷ್ಟೆ. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ದಾರಿಯಲ್ಲೇ ಹೋಗುತ್ತಾರೆ ಎಂಬುದನ್ನೂ.

ಅವನು ಚಿಕ್ಕ ಬ್ಯಾಟರಿಯ ಹಿಡಿಕೆಯನ್ನು ಮಡಚಿದ, ಬಿಡಿಸಿದ.

"ಹಂಗಾದ್ರೆ ಆ ಕಾರು ಈಗ ಎಲ್ಲಿಗೆ ಹೋಗ್ಬೇಕು ಮಗಳೇ?"

ಹೊರಗೆ ಯಾರೋ ಟಯರಿಗೆ ಗಾಳಿ ಹಿಡಿಯುತ್ತಿದ್ದರು. ನಾನು ಗಾಳಿಯ ಸದ್ದು ಮುಗಿಯುವವರೆಗೂ ಕೂತಿದ್ದೆ. ಆಮೇಲೆ ನೆಲದ ಮೇಲಿದ್ದ ದೊಡ್ಡದನ್ನು ತೋರಿಸಿದೆ.

ಮೂರು ಗಂಟೆಗೆ ಅಂಗಡಿಯ ಟೆಂಪೋ ನಮ್ಮ ಗೇಟಿನ ಮುಂದೆ ನಿಂತಿತು. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ಬಂದಿದ್ದೆ. ಇಬ್ಬರು ಗಟ್ಟಿಗರು ಬ್ಯಾಟರಿಯನ್ನು ಹಗ್ಗದಲ್ಲಿ ತೂಗಿಕೊಂಡು, ಬಾನೆಟ್ಟು ತೆರೆದೇ ಇದ್ದ ಕಾರನ್ನು ದಾಟಿ, ನೇರ ಅಪ್ಪನ ಕೋಣೆಗೆ ತಂದು ಮಷಿನ್ನಿನ ಪಕ್ಕ ಇಳಿಸಿದರು. ಇನ್ವರ್ಟರಿಗೆ ವೈರು ಬಿಗಿದು, ಮೇನ್ ಸ್ವಿಚ್ಚು ಒಮ್ಮೆ ಆರಿಸಿ ತೋರಿಸಿದರು. ಮಷಿನ್ನಿನ ಸದ್ದು ಒಂದು ಗುಕ್ಕೂ ತಪ್ಪಲಿಲ್ಲ. ನೀರು ಯಾವಾಗ ಹಾಕಬೇಕೆಂದು ಹೇಳಿ ಹೊರಟರು. ಪಕ್ಕದ ಮನೆಯಾಕೆ ಸ್ಕೂಟರಿನ ಕೀಲಿ ತೆಗೆದುಕೊಂಡು ಹೋದಳು.

ಅಪ್ಪ ದಿಂಬಿಗೆ ಒರಗಿ ಎಲ್ಲವನ್ನೂ ನೋಡಿದ್ದರು. ಈಗ ಬಲಗೈಯನ್ನು ಗೇಣು ಮಾಡಿ, ದೂರದಿಂದಲೇ ಬ್ಯಾಟರಿಯ ಎತ್ತರವನ್ನು ಗಾಳಿಯಲ್ಲಿ ಅಳೆದರು. ಎರಡು ಗೇಣು.

"ಬಾನೆಟ್ ಮುಚ್ಚಲ್ಲ" ಅಂದರು.

"ಇಲ್ಲಪ್ಪ."

"ಕಾರಿಂದಲ್ಲ ಇದು."

"ಅಲ್ಲ."

"ಕಾರಿಂದು ನಾಳೆ ತರ್ತಾರಾ?"

ಸ್ಟಾಕ್ ಇಲ್ಲವಂತೆ, ಮುಂದಿನ ವಾರ ಬರುತ್ತದಂತೆ. ದಾರಿಯುದ್ದಕ್ಕೂ ಈ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವರ ಕೈ ಇನ್ನೂ ಗೇಣಿನ ಆಕಾರದಲ್ಲೇ ಇತ್ತು.

"ಇಲ್ಲ" ಅಂದೆ.

ಅಪ್ಪ ಕೈ ಮಡಚಿದರು. ಮಷಿನ್ನು ಬುಸ್ಸೆಂದಿತು, ಬುಸ್ಸೆಂದಿತು.

"ಅವತ್ತು ಡಾಕ್ಟ್ರು... ಏನಂದ್ರು?"

ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಸುಲಭ ಎಂದುಕೊಂಡಿದ್ದೆ. ಅಲ್ಲ.

"ದಾರೀಲೇ, ಅಂದ್ರಾ?"

"ಹೂಂ."

"ಒಂದು ತಿಂಗ್ಳು ಇಟ್ಕೊಂಡಿದ್ಯಲ್ಲ ಹೊಟ್ಟೇಲಿ." ಬೈಗುಳವೋ ಅಲ್ಲವೋ ತಿಳಿಯಲಿಲ್ಲ. ಬ್ಯಾಟರಿಯ ಕಡೆ ಗದ್ದ ಎತ್ತಿದರು. "ಎಷ್ಟು ಹೊತ್ತು... ಎಳೆಯುತ್ತೆ ಇದು?"

"ನಾಲ್ಕು ಗಂಟೆ."

"ಆಮೇಲೆ?"

"ಅಷ್ಟರಲ್ಲಿ ಕರೆಂಟ್ ಬಂದೇ ಬರುತ್ತೆ ಅಪ್ಪ."

"ಆಮೇಲೆ ಅಂದೆ."

ಹೊದಿಕೆ ಸರಿಮಾಡಲು ಬಗ್ಗಿದೆ. ಅವರು ನನ್ನ ಕೈಯನ್ನು ಸರಿಸಿ ತಾವೇ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ನಾನು ಹೋಗಿ ಪರದೆಯ ಅಂಚು ಹೊಲಿದೆ. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಆರೂವರೆಗೆ ಗೇಟು ಸದ್ದಾಯಿತು. ಬೆಳಿಗ್ಗೆಯಿಂದ ತೆರೆದೇ ಬಿಟ್ಟಿದ್ದ ಬಾನೆಟ್ಟನ್ನು ತಮ್ಮ ಒಳಗೆ ನೋಡದೆ ದಡಾರನೆ ಮುಚ್ಚಿದ. ಕಾರಿನ ಬಾಗಿಲು ತೆಗೆದು ಹಾಕಿದ. ಟಕ್ ಎಂದು ಕೀಲಿ ತಿರುಗಿದ ಸದ್ದು. ಮತ್ತೊಮ್ಮೆ ಟಕ್. ನಾನು ಹೊರಗೆ ಹೋಗುವಷ್ಟರಲ್ಲಿ ಇಳಿದು ಬಂದು ಬಾನೆಟ್ಟು ಎತ್ತಿದ್ದ. ಬ್ಯಾಟರಿ ಇರಬೇಕಾದ ಕಡೆ ಖಾಲಿ ತಟ್ಟೆ, ಬಿಳಿ ಹಸಿರು ಹಕ್ಕಳೆ, ಬಾಯಿ ತೆರೆದ ಎರಡು ವೈರು.

"ಎಲ್ಲೇ?"

"ಒಳಗಿದೆ. ಅದು ಇನ್ವರ್ಟರಿಂದು ಕಣೋ."

"ಸರಿ ಅಂದ್ಯಲ್ಲ ಫೋನಲ್ಲಿ! ಯಾರನ್ನ ಕೇಳಿ ತಂದೆ? ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ? ದೊಡ್ಡೋಳು ಅಂತ ಎಲ್ಲ ನಿಂದೇ ದರ್ಬಾರಾ? ರಾತ್ರಿ ಅಪ್ಪನಿಗೆ ಏನಾದ್ರೂ ಆದ್ರೆ ಏನು ಮಾಡ್ತೀಯಾ, ಹೇಳು."

"ಏನೂ ಮಾಡೋಕಾಗಲ್ಲ."

"ಅಂದ್ರೆ?"

ಹೇಳಿದೆ. ಮೂರನೇ ಸಲ. ಅವನು ಕೇಳುತ್ತ ಕೇಳುತ್ತ ಖಾಲಿ ವೈರಿನ ತುದಿಯನ್ನು ಬೆರಳಿಗೆ ಸುತ್ತಿದ. ಇಪ್ಪತ್ತೆರಡು ವರ್ಷದವನು, ಅಂಗಿಯ ತೋಳಿನಲ್ಲಿ ಪೆಟ್ಟಿಗೆಯ ಟೇಪಿನ ತುಣುಕು ಅಂಟಿತ್ತು.

"ನಾನು ದಿನಾ ಬಂದು ಸ್ಟಾರ್ಟ್ ಮಾಡ್ತಿದ್ದೆ" ಅಂದ. "ಎಲ್ಲಿಗೂ ಹೋಗಲ್ಲ ಅಂತ ಗೊತ್ತಿದ್ದೂ ನೋಡ್ತಾ ಇದ್ಯಲ್ಲ ನೀನು. ಕಿಟಕಿ ಮುಚ್ಚಿ ನೋಡ್ತಾ ಇದ್ದೆ."

"ಹೂಂ."

"ಥೂ ನಿನ್ನ. ನೀನೇ ತೀರ್ಮಾನ ಮಾಡ್ಬಿಟ್ಟೆ, ಅಪ್ಪ ಇಲ್ಲೇ ಸಾಯ್ಲಿ ಅಂತ."

ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅಂಗಡಿಯಲ್ಲಿ ನಾನು ಬೆರಳು ಮಾಡಿ ತೋರಿಸಿದ್ದು ಅದನ್ನೇ. ಇಲ್ಲಿ, ಈ ಕೋಣೆಯಲ್ಲಿ, ಒಂದು ಗಂಟೆಯ ಬದಲು ನಾಲ್ಕು ಗಂಟೆಯ ಲೆಕ್ಕದಲ್ಲಿ.

ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಕೂಗಲು ಉಸಿರಿಲ್ಲದಾಗ ಅಪ್ಪ ಹಾಗೆ ಕರೆಯುತ್ತಾರೆ. ವೈರು ಹಾಯಿಸುತ್ತಿದ್ದ ಕಿಟಕಿ ತೆರೆದೇ ಇತ್ತು. ನಾವು ಅಂದದ್ದೆಲ್ಲ ಒಳಗೆ ಹೋಗಿತ್ತು. ಮಂಚದಿಂದ ಕಾಲಿಳಿಸಿ, ನಳಿಕೆ ಎಷ್ಟು ದೂರ ಎಳೆಯುತ್ತದೋ ಅಷ್ಟು ಮುಂದೆ ಬಂದು ಸರಳು ಹಿಡಿದು ಕೂತಿದ್ದರು.

"ಗಲಾಟೆ ಬೇಡ." ಉಸಿರು. "ಟ್ರೇ ನೋಡಿದ್ರಾ?" ಉಸಿರು. "ಆಸ್ಪತ್ರೆ ಮಾತು ಬಿಡಿ. ಟ್ರೇ. ಬ್ಯಾಟರಿ ಕೂರೋ ತಟ್ಟೆ. ಆಸಿಡ್ ತಿಂದಿರುತ್ತೆ."

ನಾವಿಬ್ಬರೂ ಬಗ್ಗಿ ನೋಡಿದೆವು. ತಿಂದಿತ್ತು. ಹಕ್ಕಳೆ ಎದ್ದ ಕಡೆ ತಗಡು ಕಂದಾಗಿ ಪುಡಿಯಾಗುತ್ತಿತ್ತು.

"ಸೋಡಾಪುಡಿ ಕಲಸಿ ತೊಳೀರಿ. ಬ್ರಷ್ ಹಾಕಿ ಉಜ್ಜಿ. ಒಣಗಿದ ಮೇಲೆ ಉಪ್ಪು ಕಾಗದ. ಪ್ರೈಮರ್, ಬಣ್ಣ... ಮಂಚದ ಕೆಳಗಿದೆ."

"ಈಗ ಯಾಕಪ್ಪ ಅದೆಲ್ಲ?" ತಮ್ಮ ಕಿಟಕಿಯ ಕಡೆ ತಿರುಗಿದ. "ಯಾರು ನೋಡ್ತಾರೆ ಅದನ್ನ?"

"ಖಾಲಿ ಬಿಟ್ರೆ... ತುಕ್ಕು ಮೈಗೆ ಹತ್ತುತ್ತೆ." ಮಂಚಕ್ಕೆ ಮರಳಿದರು.

ತಮ್ಮ ತೊಳೆದ. ಸೋಡಾ ಬಿದ್ದಲ್ಲೆಲ್ಲ ನೊರೆ ಭರ್ರೆಂದು ಎದ್ದು ಬಿಳಿ ನೀರಾಗಿ ಹರಿಯಿತು. ನಾನು ಉಪ್ಪು ಕಾಗದದಲ್ಲಿ ಉಜ್ಜಿದೆ. ಮಂಚದ ಕೆಳಗೆ ಆ ಹೆಸರಿಲ್ಲದ ಬಣ್ಣದ ಡಬ್ಬಿ ಸಿಕ್ಕಿತು. ಬಟ್ಟೆ ಕಟ್ಟಿ, ಮುಚ್ಚಳ ಬಿಗಿದು, ಜೋಪಾನವಾಗಿ ಇಟ್ಟಿದ್ದರು. ತಳದಲ್ಲಿ ಎರಡು ಬೆರಳಷ್ಟು ಬಣ್ಣ ಗಟ್ಟಿಯಾಗಿ ಕೂತಿತ್ತು. ಪ್ರೈಮರ್ ಒಣಗಿದ ಮೇಲೆ, ಅಂದಾಜಿನ ಮೇಲೆ ಥಿನ್ನರ್ ಸುರಿದು ಕಡ್ಡಿಯಿಂದ ಕದಡಿದೆ. ಬ್ರಷ್ ಅದ್ದಿ ಮೊದಲ ಎಳೆ ಎಳೆದೆ. ಬಣ್ಣ ನಿಲ್ಲದೆ ತಟ್ಟೆಯ ಮೂಲೆಗೆ ಹರಿಯಿತು.

ಒಳಗೆ ಕೆಮ್ಮು ಶುರುವಾಯಿತು. ಬ್ರಷ್ ಬಿಟ್ಟು ಕಿಟಕಿಗೆ ಓಡಿದೆ.

"ವಾಸನೆ ಬರ್ತಿದೆ ಅಪ್ಪ. ಕಿಟಕಿ ಮುಚ್ತೀನಿ."

ಅಪ್ಪ ಕೈಯೆತ್ತಿ ತಡೆದರು. ಕಣ್ಣು ಮುಚ್ಚಿತ್ತು. ಎರಡು ಹೊಳ್ಳೆಯಲ್ಲೂ ನಳಿಕೆ ಇದ್ದ ಮೂಗನ್ನು ಕಿಟಕಿಯ ಕಡೆ ಎತ್ತಿ, ಬಂದಷ್ಟು ಗಾಳಿಯನ್ನು ಎಳೆದುಕೊಂಡರು. ಹೆಗಲು ಏರಿತು, ಇಳಿಯಿತು. ಮತ್ತೆ ಕೆಮ್ಮಿದರು, ಬಹಳ ಹೊತ್ತು. ಮುಗಿದ ಮೇಲೆ ಹೇಳಿದರು:

"ಥಿನ್ನರ್ ಜಾಸ್ತಿ ಹಾಕಿದ್ದೀಯ."

ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಹೊರಗೆ ತಮ್ಮ ಬಾನೆಟ್ಟಿನ ಕೆಳಗೆ ತಲೆ ತೂರಿಸಿ, ಹರಿದ ಬಣ್ಣವನ್ನು ಬ್ರಷ್ಷಿನ ತುದಿಯಿಂದ ಮೇಲಕ್ಕೆ ಎಳೆಯುತ್ತಿದ್ದ. ಅದು ಮತ್ತೆ ಮತ್ತೆ ಕೆಳಗೆ ಇಳಿಯುತ್ತಿತ್ತು.